ನೆಲವಿಲ್ಲದ ವ್ಯಾಗನ್

ಆ ವ್ಯಾಗನ್ನಿಗೆ ನೆಲವೇ ಇರಲಿಲ್ಲ. ಒಳಗೆ ದೊಡ್ಡ ಆಲಿಕೆಯ ಹಾಗೆ ಇಳಿಜಾರು, ತಳದಲ್ಲಿ ಬಾಗಿಲು. ಹಳಿಯ ಕೆಳಗೆ ತೋಡಿದ ಗುಂಡಿಯ ಮೇಲೆ ತಂದು ನಿಲ್ಲಿಸಿ ಬಾಗಿಲು ಬಿಟ್ಟರೆ ಕಲ್ಲಿದ್ದಲೆಲ್ಲ ಒಂದೇ ಉಸಿರಿಗೆ ಕೆಳಗೆ ಸುರಿಯುತ್ತಿತ್ತು. ಗೌರಿಬಿದನೂರಿನ ಆಚೆ, ನಮ್ಮ ಕಾರ್ಖಾನೆಯ ಹಳಿಗೆ ಬರುತ್ತಿದ್ದುದು ಅಂಥವೇ.

ಮಳೆಯಲ್ಲಿ ನೆನೆದ ಕಲ್ಲಿದ್ದಲು ಮೂಲೆಗೆ ಅಂಟಿಕೊಂಡುಬಿಡುತ್ತದೆ. ಅದನ್ನು ಪತ್ತೆ ಹಚ್ಚುವುದು ಅಪ್ಪನ ಕೆಲಸ. ಕೊಡತಿಯಿಂದ ಹೊರಗೋಡೆಗೆ ಒಂದು ಏಟು. ಠಣ್ ಎಂದರೆ ಖಾಲಿ, ದಬ್ ಎಂದರೆ ಇನ್ನೂ ಇದೆ. ಅವನು ಹೇಳಿದ ಮೇಲೆ ಸೀಮೆಸುಣ್ಣದಿಂದ 'ಖಾಲಿ' ಎಂದು ಬರೆಯುವುದು ನನ್ನ ಕೆಲಸ. ಅಪ್ಪ ಮಗಳು ಒಂದೇ ಹಳಿಯ ಮೇಲೆ.

"ನಿಮ್ಮಪ್ಪನ ಕಿವೀನ ಸೈನ್ಯಕ್ಕೆ ಕೊಡ್ಬೇಕು ಕಣಮ್ಮ," ಎನ್ನುತ್ತಿದ್ದರು ಹಮಾಲರು. ಅಪ್ಪ ಮೀಸೆಯೊಳಗೇ ನಗುತ್ತಿದ್ದ.

ಅವನಿಗೆ ಕೇಳಿಸುವುದಿಲ್ಲ ಎಂದು ನನಗೆ ಗೊತ್ತಾದದ್ದು ಸಂತೆಯಲ್ಲಿ. ಮಡಕೆ ಕೊಳ್ಳಲು ಹೋಗಿದ್ದೆವು. ಅಪ್ಪ ಬೆರಳ ಗೆಣ್ಣಿನಿಂದ ಬಡಿದ, ಮತ್ತೆ ಬಡಿದ, ಇನ್ನೂ ಜೋರಾಗಿ ಬಡಿದ.

"ಏಮಣ್ಣಾ, ಮಡಕೆ ಕೊಳ್ತೀಯೋ ಒಡೀತೀಯೋ?" ಎಂದಳು ಮಾರುವವಳು.

ಅಪ್ಪ ಅವಳನ್ನು ನೋಡಲಿಲ್ಲ. ನನ್ನ ಮುಖ ನೋಡಿದ. ಒಡಕು ಸದ್ದು ನನಗೆ ಸ್ಪಷ್ಟವಾಗಿ ಕೇಳಿತ್ತು. ಆದರೂ, ಯಾಕೋ, ಚೆನ್ನಾಗಿದೆ ಎಂಬಂತೆ ತಲೆಯಾಡಿಸಿಬಿಟ್ಟೆ. ಅವಳೆದುರು ಅವನ ಮಾನ ಉಳಿಸಲು ಎಂದು ಬಹಳ ದಿನ ಅಂದುಕೊಂಡಿದ್ದೆ. ನಿಜವಾಗಿ ಬಸ್ಸಿಗೆ ಹೊತ್ತಾಗಿತ್ತು, ಅಷ್ಟೇ ಇರಬಹುದು. ಮನೆಯಲ್ಲಿ ಅಮ್ಮ ನೀರು ತುಂಬಿಸಿದಾಗ ಮಡಕೆ ಸೋರಿತು. ಅಪ್ಪ ಒರೆಸಿದ.

ಕಿವಿ ಹೋಗಿದೆ ಎಂದು ಗೊತ್ತಾದರೆ ಕೆಲಸ ಹೋಗುತ್ತಿತ್ತು. ಹಾಗಾಗಿ ಮಾರನೆಯ ದಿನದಿಂದ ನಾನು ಅವನ ಎದುರು ನಿಲ್ಲತೊಡಗಿದೆ. ಠಣ್ ಎಂದರೆ ಸೀಮೆಸುಣ್ಣದ ಕೈ ಎತ್ತುತ್ತಿದ್ದೆ, ದಬ್ ಎಂದರೆ ಇಲ್ಲ. ಅವನು ನೋಡುತ್ತಿದ್ದ, ಆಮೇಲೆ, ಕೇಳಿಸಿಕೊಂಡವನ ಗತ್ತಿನಲ್ಲಿ, "ಖಾಲಿ!" ಎಂದು ಕೂಗುತ್ತಿದ್ದ. ಹೀಗೆ ಮಾಡೋಣ ಎಂದು ನಾವು ಒಮ್ಮೆಯೂ ಮಾತಾಡಿಕೊಂಡಿರಲಿಲ್ಲ. ಎರಡು ಮಳೆಗಾಲ ಹೀಗೇ ಕಳೆಯಿತು.

ಆ ದಿನ ಮಳೆ ಇತ್ತು ಎಂದು ಬರೆದು ಹೊಡೆದುಹಾಕಿದ್ದೇನೆ. ಬಿಸಿಲೇ ಇದ್ದಿರಬೇಕು, ಹಮಾಲರು ವ್ಯಾಗನ್ನಿನ ನೆರಳಿನಲ್ಲಿ ಕುಳಿತಿದ್ದರಲ್ಲ. ಏಳೆಂಟು ವ್ಯಾಗನ್ನುಗಳು ಸಾಲಾಗಿ ಖಾಲಿಯಾಗಿದ್ದವು. ನಾನು ಕೈ ಎತ್ತುತ್ತ, ಬರೆಯುತ್ತ, ಮನೆಯ ಗ್ಯಾಸ್ ಸಿಲಿಂಡರಿನ ಬಗ್ಗೆ ಯೋಚಿಸುತ್ತಿದ್ದೆ. ಅಪ್ಪ ಮುಂದಿನದಕ್ಕೆ ಬಡಿದ. ನಾನು ಕೈ ಎತ್ತಿದೆ.

ಅಪ್ಪ ಕೂಗಲಿಲ್ಲ.

ಹಮಾಲರು ಬಿದ್ದು ಬಿದ್ದು ನಕ್ಕರು. "ಏನಮ್ಮೋ, ಮೇಲೆ ನೋಡು, ಬೆಟ್ಟ ನಿಂತೈತೆ!"

ನೋಡಿದೆ. ಆ ವ್ಯಾಗನ್ನಿನ ಬಾಗಿಲನ್ನು ಇನ್ನೂ ಬಿಟ್ಟೇ ಇರಲಿಲ್ಲ. ಅಂಚಿನ ಮೇಲಕ್ಕೂ ಕಲ್ಲಿದ್ದಲು ಗುಡ್ಡೆಯಾಗಿತ್ತು.

ಅಪ್ಪ ತುಂಬಿದ ವ್ಯಾಗನ್ನಿಗೆ ತಪ್ಪಿ ಬಡಿದನೋ, ನನ್ನನ್ನು ಪರೀಕ್ಷಿಸಲು ಬೇಕೆಂದೇ ಬಡಿದನೋ ಇವತ್ತಿಗೂ ತಿಳಿಯದು. ಒಂದೊಂದು ಸಲ ಒಂದೊಂದು ನಂಬುತ್ತೇನೆ. ಅವನು ಹತ್ತಿರ ಬಂದು, ತನಗೆ ಕೇಳಿಸದ್ದರಿಂದಲೋ ಏನೋ, ತೀರ ಮೆಲ್ಲಗೆ ಕೇಳಿದ:

"ನೀನೂ ಕೇಳಿಸ್ಕೊಳ್ತಿರ್ಲಿಲ್ವೇನಮ್ಮ?"

"ಇಲ್ಲಪ್ಪ, ಇದೊಂದೇ ಸಲ..." ಎಂದೆ. ನನ್ನ ಬಾಯಿ ಅಲುಗಿದ್ದನ್ನು ನೋಡಿದ. ಕೊಡತಿಯನ್ನು ನನ್ನ ಕೈಗಿಟ್ಟು ಗೇಟಿನ ಕಡೆ ನಡೆದ. ಹಿಂದಿನ ಎಷ್ಟು ವ್ಯಾಗನ್ನುಗಳು ಅರ್ಧ ತುಂಬಿಯೇ ಹೋಗಿದ್ದವು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದನೇನೋ. ಒಂದೂ ಹಾಗೆ ಹೋಗಿರಲಿಲ್ಲ ಎಂದು ಹಿಂದೆ ಓಡಿ ಕೂಗಿದೆ. ಬೆನ್ನ ಹಿಂದಿನಿಂದ ಕೂಗಿದರೆ ಅವನಿಗೆ ಹೇಗೆ ಕೇಳಬೇಕು?

ಮತ್ತೆ ಅವನು ಕೆಲಸಕ್ಕೆ ಬರಲಿಲ್ಲ.

ಆಮೇಲೆ ಮೂರು ವರ್ಷ ಬದುಕಿದ್ದ. ಕೊನೆಗೊಂದು ದಿನ ನನ್ನ ಕೈ ಹಿಡಿದ ಎಂದು ಬರೆಯುವ ಆಸೆ. ಹಿಡಿಯಲಿಲ್ಲ. ಸಿಟ್ಟೂ ಮಾಡಲಿಲ್ಲ. ನಾನು ಕೊಟ್ಟ ಕಾಫಿ ಕುಡಿಯುತ್ತಿದ್ದ, ನಾನು ತಂದ ಪಂಚೆ ಉಡುತ್ತಿದ್ದ.

ಆದರೆ ನಾನು ಏನಾದರೂ ಹೇಳಿದರೆ, "ಊಟ ಮಾಡಪ್ಪ" ಎಂದರೂ, ಅದೇನೆಂದು ತಿಳಿಯಲು ಅಮ್ಮನ ಮುಖ ನೋಡುತ್ತಿದ್ದ.