ಮಾನಪ್ಪಣ್ಣ ನೋಡಿದ ಗಾಡಿಗಳು

ಹಳೆಯ ಕಾರು ನೋಡಲು ಹೋದಾಗ ಎಲ್ಲರೂ ಮೊದಲು ಬಾನೆಟ್ ಎತ್ತಿಸುತ್ತಾರೆ. ಮಾನಪ್ಪಣ್ಣ ಮಾತ್ರ ಹಿಂದಿನ ಸೀಟಿನಲ್ಲಿ ಹೋಗಿ ಕೂಡುತ್ತಿದ್ದರು. ಸೀಟ್ ಬೆಲ್ಟನ್ನು ಬರುವಷ್ಟೂ ಹೊರಗೆಳೆದು, ಅದರ ಕೊನೆಯ ಗೇಣುದ್ದವನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಮೂಸುತ್ತಿದ್ದರು.

ಇಳಕಲ್ಲಿನಲ್ಲಿ ಹೆದ್ದಾರಿ ಬದಿಗೆ ಅವರ ಗ್ಯಾರೇಜು. ಮನೆತನದವರೆಲ್ಲ ನೇಕಾರರು, ಇವರೊಬ್ಬರು ಮಗ್ಗ ಬಿಟ್ಟು ಇಂಜಿನ್ನಿಗೆ ಒಲಿದವರು. ನಾನು ಅದೇ ಊರಿನಿಂದ ಹುನಗುಂದದ ಹೈಸ್ಕೂಲಿಗೆ ಓಡಾಡುವ ಶಿಕ್ಷಕಿ. ಕಾರು ಓಡಿಸಲು ಕಲಿತ ಮೇಲೆ ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವ ಆಸೆಯಾಗಿ ಅವರ ಬಳಿ ಹೋದೆ.

"ಸಂಜಿಮುಂದ ಗಾಡಿ ನೋಡಬಾರದ್ರಿ ಟೀಚರ್," ಎಂದರು. "ಬಿಸಲಾಗ ನಿಲ್ಲಿಸಿ ನೋಡಬೇಕು, ಮ್ಯಾಲೆ ಬಣ್ಣ ಬಳದಿದ್ದು ಆವಾಗ ಕಾಣತೈತಿ. ಮತ್ತ ನಾವು ಬರೂದಕ್ಕಿಂತ ಮೊದಲ ಚಾಲೂ ಮಾಡಬ್ಯಾಡ್ರಿ ಅಂತ ಹೇಳಿಡ್ರಿ. ಇಂಜಿನ್ ತಣ್ಣಗಿದ್ದಾಗ ಖರೆ ಮಾತಾಡತೈತಿ."

ಅವರೊಂದಿಗೆ ಕೆರೂರಿಗೆ ಹೋದದ್ದು ಚೆನ್ನಾಗಿ ನೆನಪಿದೆ. ಗಾಡಿ ಮಿರಮಿರ ಮಿಂಚುತ್ತಿತ್ತು, ನಾನಾಗಲೇ ಮನಸ್ಸಿನಲ್ಲೇ ಒಪ್ಪಿಬಿಟ್ಟಿದ್ದೆ. ಮಾನಪ್ಪಣ್ಣ ಬೆಲ್ಟ್ ಎಳೆದರು, ಕಾಲಡಿಯ ಹಾಸು ಎತ್ತಿ ಬೆರಳಿನಿಂದ ಒತ್ತಿದರು. ಮಾರುವವರಿಗೆ, "ಟೀಚರಿಗೆ ಇನ್ನೂ ಸಣ್ಣ ಗಾಡಿ ಬೇಕಾಗೇತ್ರಿ," ಎಂದು ಕೈಮುಗಿದು ಹೊರಬಂದರು. ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುವಾಗ ಹೇಳಿದರು:

"ಹೊಳಿ ನೀರಾಗ ಮುಣಗಿದ ಗಾಡಿ ಅದು. ಎಲ್ಲಾ ತೊಳದಾರ, ಬೆಲ್ಟಿನ ತುದಿಗಿನ ರಾಡಿ ಮರತಾರ."

"ಮತ್ತ ಅವರಿಗ್ಯಾಕ ಹೇಳಲಿಲ್ಲ?"

"ಪಾಪ, ಅವರಿಗೂ ಯಾರೋ ಹೇಳದ ಮಾರಿರಬೇಕು. ಮನಿ ಮಂದಿ ಮುಂದ ಯಾಕ ಮರ್ಯಾದಿ ತಗೀಬೇಕ್ರಿ? ನನ್ನ ಕೇಳಿದವರಿಗೆ ಮಾತ್ರ ನಾ ಹೇಳ್ತೇನಿ."

ಕಣ್ಣಿನ ಆಪರೇಷನ್ನಿಗೆಂದು ಅವರು ಬಾದಾಮಿಯ ಮಗಳ ಮನೆಗೆ ಹೋಗಿದ್ದಾಗ ನನಗೆ ತಡೆಯಲಾಗಲಿಲ್ಲ. ಬಾಗಲಕೋಟೆಯಲ್ಲಿ ಒಂದು ಬಿಳಿ ಕಾರನ್ನು, ಅದೂ ಸಂಜೆ ಹೊತ್ತಿನಲ್ಲಿ, ಅರ್ಧ ಗಂಟೆ ನೋಡಿ ಕೊಂಡುಬಿಟ್ಟೆ. ಅವರು ಮರಳಿದ ಮೇಲೆ ಹಿಗ್ಗಿನಿಂದ ತೋರಿಸಿದೆ. ಗೋಣಿಚೀಲ ಹಾಸಿ ಗಾಡಿಯ ಕೆಳಗೆ ಹೋದವರು ಬಹಳ ಹೊತ್ತು ಹೊರಬರಲಿಲ್ಲ.

"ಇದು ಒಂದ ಗಾಡಿ ಅಲ್ರಿ ಟೀಚರ್. ಅಪಘಾತದಾಗ ಜಜ್ಜಿದ ಎರಡು ಗಾಡಿ ಕೊಯ್ದು ಕೂಡಿಸ್ಯಾರ. ಬೆಸಿಗಿ ಬಿಟ್ಟರ ಒಳಗ ಕುಂತವರು ಉಳಿಯೂದಿಲ್ಲ. ಗುಜರಿಗೆ ಹಾಕ್ರಿ."

ನನಗೆ ಮನಸ್ಸು ಬರಲಿಲ್ಲ. ಗಾಡಿ ಮಾರಾಟಕ್ಕಿದೆ ಎಂದು ಫೋನಿನಲ್ಲಿ ಹಾಕಿದೆ. ಗುಡೂರಿನ ಒಬ್ಬರು ಬಂದು ಮೆಚ್ಚಿಕೊಂಡರು. ಒಮ್ಮೆ ಮಿಸ್ತ್ರಿಗೆ ತೋರಿಸಿ ಬರುತ್ತೇವೆಂದು ಅವರು ಒಯ್ದದ್ದು ಮಾನಪ್ಪಣ್ಣನ ಗ್ಯಾರೇಜಿಗೇ. ಅವರು ಕೇಳಿದರು, ಇವರು ಹೇಳಿದರು. ವ್ಯಾಪಾರ ಮುರಿಯಿತು.

ಆ ಸಿಟ್ಟಿನಲ್ಲಿ ಗ್ಯಾರೇಜಿಗೆ ಹೋದೆ. ನಾಲ್ಕು ಮಂದಿ ಗಿರಾಕಿಗಳು ನಿಂತಿದ್ದರು. "ಕಮಿಷನ್ ಸಿಗಲಿಲ್ಲಂತ ನನ್ನ ವ್ಯಾಪಾರ ಕೆಡಿಸಿದ್ರಿ, ಹೌದಿಲ್ಲೋ?" ಎಂದುಬಿಟ್ಟೆ. ಗಾಡಿ ನೋಡಿಕೊಟ್ಟದ್ದಕ್ಕೆ ಒಂದು ಕಪ್ ಚಹಾದ ಹೊರತು ಯಾರಿಂದಲೂ ಏನನ್ನೂ ಮುಟ್ಟದ ಮನುಷ್ಯನಿಗೆ ನಾನಾಡಿದ ಮಾತು ಅದು. ಅವರು ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟು, "ಆತು ಬಿಡ್ರಿ ಟೀಚರ್," ಎಂದರು, ಅಷ್ಟೇ. ಮರುವಾರ ಆ ಗಾಡಿಯನ್ನು ಬಾಗಲಕೋಟೆಯ ದಲ್ಲಾಳಿಯೊಬ್ಬನಿಗೆ ಏನೂ ಹೇಳದೆ ಕೊಟ್ಟು, ಬದಲಿಗೆ ಬೇರೊಂದು ತಂದೆ. ಎರಡು ವರ್ಷ ಆ ಗ್ಯಾರೇಜಿನ ಮುಂದೆ ಹಾಯುವಾಗ ಮುಖ ತಿರುಗಿಸಿಕೊಂಡೇ ಹೋದೆ.

ಒಂದು ದಿನ ಗ್ಯಾರೇಜು ಮುಚ್ಚಿತ್ತು. ಅವರಿಗೆ ಲಕ್ವಾ ಹೊಡೆದು, ಮಗಳು ಬಾದಾಮಿಗೆ ಕರೆದೊಯ್ದಿದ್ದಾಳೆಂದು ತಿಳಿಯಿತು. ನೋಡಲು ಹೋದೆ. ನನ್ನನ್ನು ಕಂಡವರೇ ತೊದಲುತ್ತ ಕೇಳಿದರು:

"ಟೀಚರ್... ಆ ಬಿಳೇ ಗಾಡಿ... ಈಗ ಯಾರ ಕಡೆ ಐತ್ರಿ?"

ನನಗೆ ಗೊತ್ತಿರಲಿಲ್ಲ.

"ಹುಡಕ್ರಿ," ಎಂದರು. "ಅದರಾಗ ಮಂದಿ ಓಡ್ಯಾಡ್ತಿರ್ತಾರ."

ದಲ್ಲಾಳಿಯನ್ನು ಕಾಡಿ ಬೇಡಿ ವಿಳಾಸ ಪಡೆದೆ. ಗಾಡಿ ರಾಮಥಾಳದಲ್ಲಿತ್ತು. ಅಂಗಳದಲ್ಲಿ ನಿಂತು, ಅದನ್ನು ಕೊಂಡ ರೈತನಿಗೂ ಅವನ ಹೆಂಡತಿಗೂ ಎಲ್ಲ ಹೇಳಿದೆ. ಆತ ಬೈಯಲಿಲ್ಲ. ಹೆಂಡತಿ ಅಂದಳು: "ನಿನ್ನೆ ಇದರಾಗ ನನ್ನ ಮಗಳನ್ನ ಹೆರಿಗಿಗೆ ದವಾಖಾನಿಗೆ ಒಯ್ದೇವ್ರಿ, ಅಕ್ಕಾರ." ನಾನು ನನ್ನ ಗಾಡಿಯ ಕೀಲಿಯನ್ನು ಅವಳ ಕೈಗಿತ್ತು, ಬಿಳಿ ಗಾಡಿಯನ್ನು ಗುಜರಿಗೆ ಎಳೆಸಿ, ಅದನ್ನು ಕೊಯ್ದು ತುಂಡು ಮಾಡುವ ತನಕ ಅಲ್ಲೇ ನಿಂತು, ಬಸ್ಸು ಹತ್ತಿ ಮನೆಗೆ ಬಂದೆ.

ಮತ್ತೆ ಬಾದಾಮಿಗೆ ಹೋಗಿ ಮಾನಪ್ಪಣ್ಣನಿಗೆ ಇದನ್ನೆಲ್ಲ ಹೇಳಿದೆ. "ತುಂಡು ಮಾಡಿದ್ದ ನೀವ ನೋಡಿದ್ರಿ?" ಎಂದು ಎರಡು ಸಲ ಕೇಳಿದರು. ನೋಡಿದೆ ಎಂದೆ. ನೆಟ್ಟಗಿದ್ದ ಬಲಗೈಯಿಂದ ನನ್ನ ಕೈ ತಟ್ಟಿ, ಮಗಳಿಗೆ ಚಹಾ ಮಾಡಲು ಹೇಳಿದರು. ಅವಳು ಅಡುಗೆಮನೆಗೆ ಹೋದಳು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಆಗ ತಪ್ಪಾಯಿತೆಂದು ಹೇಳಬೇಕಿತ್ತು. ಹೇಳಲಿಲ್ಲ, ಮಳೆ, ಸಾಲಿ, ಬಸ್ಸಿನ ಗದ್ದಲ ಎಂದು ಏನೇನೋ ಮಾತಾಡಿದೆ. ಮುಂದಿನ ಸಲ ಹೇಳೋಣವೆಂದು ಎದ್ದು ಬಂದೆ.

ಎಂಟು ದಿನಕ್ಕೆ, ಅವರು ತೀರಿಕೊಂಡರೆಂದು ಮಗಳ ಫೋನು ಬಂತು. ನಾಲ್ಕು ಮಂದಿಯ ಎದುರು ಅಷ್ಟು ಸಲೀಸಾಗಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು, ಅವರೊಬ್ಬರೇ ಇದ್ದಾಗಲೂ ನನಗೆ ಬಾಯಿ ಬಂದಿರಲಿಲ್ಲ.