ಸೋಡಾ ಬಾಟಲಿಯ ಮೇಲಿದ್ದ ಕಾಶೀಬಾಯಿ

ಎರಡು ವರ್ಷದ ಹಿಂದಿನ ಫೆಬ್ರುವರಿ. ನನಗೆ ಆಗ ಅರವತ್ತೆರಡು. ವಿಜಯಪುರದ ಒಂದು ಮುದ್ರಣಾಲಯದಲ್ಲಿ ಇಪ್ಪತ್ತೈದು ವರ್ಷ ಲೇಬಲಿಗೆ ಚಿತ್ರ ಬರೆಯುವ ಕೆಲಸ ಮಾಡಿ, ಕಂಪ್ಯೂಟರ್ ಬಂದ ಮೇಲೆ ಅಲ್ಲಿಂದ ಹೊರಬಿದ್ದು, ನನ್ನ ಊರಾದ ಇಂಡಿಯಲ್ಲಿ ಒಂದು ಕೋಣೆ ಹಿಡಿದು ಒಬ್ಬಳೇ ಇದ್ದೆ. ಮದುವೆ ಆಗಿರಲಿಲ್ಲ. ಫೋನು ಬಂದರೆ ಗ್ಯಾಸ್ ಸಿಲಿಂಡರಿನವರದು, ಇಲ್ಲವೇ ಬ್ಯಾಂಕಿನವರದು.

ಆ ದಿನ ಬಂದದ್ದು ಬೆಂಗಳೂರಿನಿಂದ. ಮಾತಾಡಿದವರು ಅರವಿಂದ್ ಎಂಬ ವಿನ್ಯಾಸಕಾರರು. ಕ್ರಾಫ್ಟ್ ಬಿಯರ್, ಅಂದರೆ ದೊಡ್ಡ ಕಾರ್ಖಾನೆಯದಲ್ಲದೆ ಸಣ್ಣ ಪ್ರಮಾಣದಲ್ಲಿ ತಯಾರಿಸುವ ಬಿಯರ್, ಮಾಡುವ ಕಂಪನಿಯೊಂದಕ್ಕೆ ಅವರು ಕೆಲಸ ಮಾಡುತ್ತಿದ್ದರು. ಇಂಡಿಯ ನಿಂಬೆಹಣ್ಣು ಹಾಕಿ ಹೊಸದೊಂದು ಬಿಯರ್ ತರುವವರಿದ್ದರು. ಅದಕ್ಕೆ ಹಳೆಯ ಕಾಲದ ಲೇಬಲ್ ಬೇಕಿತ್ತು. ಗುಜರಿ ಅಂಗಡಿಯೊಂದರಲ್ಲಿ ಅವರಿಗೆ ನಿಂಬೆ ಸೋಡಾದ ಖಾಲಿ ಬಾಟಲಿ ಸಿಕ್ಕಿತ್ತು. ಲೇಬಲಿನ ಮೂಲೆಯಲ್ಲಿದ್ದ ಮುದ್ರಣಾಲಯದ ಹೆಸರು ಹಿಡಿದು ವಿಚಾರಿಸುತ್ತ ನನ್ನವರೆಗೆ ಬಂದಿದ್ದರು.

ಫೋಟೋ ಕಳಿಸಿದರು. ತಲೆ ತುಂಬ ಸೆರಗು ಹೊತ್ತ ಹೆಣ್ಣುಮಗಳು, ಕೈಯಲ್ಲಿ ಲಿಂಬಿ ಬುಟ್ಟಿ, ತುಟಿಯ ಮೂಲೆಯಲ್ಲಿ ನಗುವನ್ನು ತಡೆದು ಹಿಡಿದ ಹಾಗೆ. ನಾನೇ ಬರೆದದ್ದು. ಮೂವತ್ತೆಂಟು ವರ್ಷದ ಹಿಂದೆ.

“ಮೇಡಂ, ಇದೇ ಮುಖ ಬೇಕು. ಬಣ್ಣ ಸ್ವಲ್ಪ ಸರಿದಿದೆಯಲ್ಲ, ಅದೂ ಹಾಗೇ ಇರಲಿ. ಈಗ ಜನ ಕೇಳೋದೇ ಅದನ್ನ,” ಅಂದರು.

ನಾಲ್ಕು ಬಣ್ಣವನ್ನು ಒಂದರ ಮೇಲೊಂದು ಅಚ್ಚು ಹಾಕುವಾಗ ಒಂದು ಬಣ್ಣ ಕೂದಲೆಳೆಯಷ್ಟು ಸರಿದರೂ ತುಟಿಯ ಕೆಂಪು ಗಲ್ಲದ ಮೇಲೆ ಬೀಳುತ್ತದೆ. ನಮ್ಮಲ್ಲಿ ಅದಕ್ಕೆ ‘ರಿಜಿಸ್ಟರ್ ಔಟ್’ ಅನ್ನುತ್ತಿದ್ದರು, ಬೈಗುಳವೂ ಬೀಳುತ್ತಿತ್ತು. ಅದೇ ತಪ್ಪನ್ನು ಈಗ ಬೇಕೆಂದೇ ಮಾಡಿಕೊಡಬೇಕು. ನಗು ಬಂತು. ಯಾರೋ ನಾನು ಎಳೆದ ಗೆರೆಯನ್ನು ಹುಡುಕಿಕೊಂಡು ಬಂದಿದ್ದರು ಎಂಬುದಕ್ಕೆ ಕಣ್ಣಲ್ಲಿ ನೀರೂ ಬಂತು. ಒಪ್ಪಿಕೊಂಡೆ. ಮದ್ಯದ ಲೇಬಲಿಗೆ ಅಬಕಾರಿ ಇಲಾಖೆಯ ಒಪ್ಪಿಗೆ ಬೇಕಾದ್ದರಿಂದ ಹತ್ತು ದಿನದಲ್ಲಿ ಚಿತ್ರ ಕೊಡಬೇಕಿತ್ತು.

ಪೆನ್ಸಿಲು ಹಿಡಿದು ಕೂತೆ. ಹಣೆ ಬಂತು, ಹುಬ್ಬು ಬಂತು. ಕಣ್ಣಿಗೆ ಬಂದಾಗ ಕೈ ನಿಂತಿತು.

ಆ ಮುಖ ಕಾಶೀಬಾಯಿಯದು. ಹೂವಿನ ಹಿಪ್ಪರಗಿಯ ಸೊಸೆ. ಗಂಡ ಇಂಡಿಯಲ್ಲಿ ಕೆಲಸಕ್ಕಿದ್ದುದರಿಂದ ನಮ್ಮ ಓಣಿಯಲ್ಲೇ ಬಾಡಿಗೆ ಮನೆ ಮಾಡಿದ್ದರು. ಆಕೆ ಆ ಸೋಡಾ ಕಾರ್ಖಾನೆಯಲ್ಲಿ ಬಾಟಲಿಗೆ ಲೇಬಲ್ ಅಂಟಿಸುತ್ತಿದ್ದಳು. ಆಗ ನನಗೆ ಇಪ್ಪತ್ತನಾಲ್ಕು, ಆಕೆಗೆ ಇಪ್ಪತ್ತೆರಡು. ನಾನು ಇಂಡಿಯಿಂದಲೇ ದಿನಾ ವಿಜಯಪುರದ ಕೆಲಸಕ್ಕೆ ಹೋಗಿ ಬರುತ್ತಿದ್ದೆ. ರವಿವಾರ ಬಂತೆಂದರೆ ಇಬ್ಬರೂ ಕಟ್ಟೆಯ ಮೇಲೆ. ನನಗೆ ಗೆಳತಿ ಎಂದು ಇದ್ದವಳು ಅವಳೊಬ್ಬಳೇ. ಹೊಸ ಲೇಬಲಿಗೆ ಹೆಣ್ಣಿನ ಮುಖ ಬೇಕೆಂದಾಗ ನೆನಪಿನಿಂದಲೇ ಅವಳನ್ನು ಬರೆದೆ. ಕೇಳಲಿಲ್ಲ. ಅಚ್ಚಾಗಿ ಬಂದಾಗ ನೋಡಿ ಖುಷಿಪಡುತ್ತಾಳೆ ಅಂದುಕೊಂಡಿದ್ದೆ.

ಬಾಟಲಿ ಹಿಪ್ಪರಗಿಯ ಅಂಗಡಿಗೂ ಹೋಯಿತು. ಕಾಶಿಯ ಭಾವ, ಅಂದರೆ ಗಂಡನ ಅಣ್ಣ, ಗುರುತು ಹಿಡಿದು ಗಂಡ ಹೆಂಡತಿ ಇಬ್ಬರನ್ನೂ ಊರಿಗೆ ಕರೆಸಿದರು. ಚಿತ್ರ ಬರೆಯುವವನ ಮುಂದೆ ಮನೆಯ ಸೊಸೆ ತಾಸುಗಟ್ಟಲೆ ಕೂತಿದ್ದಾಳೆ ಎಂದು ಮನೆಯಲ್ಲಿ ರಾದ್ಧಾಂತವಾಯಿತು. ಬರೆದವಳು ಹೆಂಗಸು, ನಮ್ಮ ಓಣಿಯ ಶಕ್ಕು ಎಂದು ನನ್ನ ಹೆಸರು ಹಿಡಿದೇ ಕಾಶಿ ಅತ್ತು ಹೇಳಿದಳಂತೆ. ಹೆಂಗಸರು ಲೇಬಲ್ ಬರೆಯುತ್ತಾರೆಂದು ಯಾರೂ ನಂಬಲಿಲ್ಲ.

ನಾನು ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಮುದ್ರಣಾಲಯದ ಮಾಲೀಕರು ತಡೆದರು. “ಲೇಬಲ್ ಮ್ಯಾಲ ತಕರಾರು ಐತಿ ಅಂತ ಗೊತ್ತಾದ್ರ ಸೋಡಾದ ಗಿರಾಕಿ ಕೈ ಬಿಟ್ಟು ಹೋಗ್ತಾನ. ಮಂದಿ ಮನಿ ಜಗಳದಾಗ ನೀ ಯಾಕ ಬೀಳ್ತಿ?” ಅಂದರು. ಕೆಲಸ ಹೋಗುವ ಭಯಕ್ಕೆ ನಾನು ಹೋಗಲಿಲ್ಲ. ಓಣಿಯಲ್ಲಿ ಕಾಶಿಯ ಮನೆಗೆ ಬೀಗ ಬಿದ್ದೇ ಇತ್ತು. ಅವಳನ್ನು ಹಿಪ್ಪರಗಿಯಲ್ಲಿ ಬಿಟ್ಟು ಗಂಡನೊಬ್ಬನೇ ವಾಪಸು ಬಂದ. ಓಣಿಯಲ್ಲಿ ಎದುರಾದರೆ ನಾನೇ ಮುಖ ತಿರುಗಿಸುತ್ತಿದ್ದೆ.

ಇದನ್ನು ಅರವಿಂದರಿಗೆ ಹೇಳಿದೆ. “ಅಷ್ಟು ಹಳೇದನ್ನ ಈಗ ಯಾರು ಗುರುತು ಹಿಡೀತಾರೆ ಮೇಡಂ?” ಅಂದರು. ಎರಡು ದಿನ ಸಮಯ ಕೇಳಿಕೊಂಡೆ.

ಮರುದಿನ ಬೆಳಿಗ್ಗೆ ವಿಜಯಪುರದ ಬಸ್ಸು ಹತ್ತಿದೆ. ಅಲ್ಲಿಂದ ಮನಗೂಳಿ ಮೇಲೆ ಬಸವನ ಬಾಗೇವಾಡಿ, ಅಲ್ಲಿಂದ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಮೊದಲ ಮಾತು ಏನಾಡಬೇಕೆಂದು ಹೊಂದಿಸುತ್ತಿದ್ದೆ. ಹಿಪ್ಪರಗಿಯಲ್ಲಿ ಇಳಿಯುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ.

ಕಾಶಿ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೊರ ಕೆಳಗಿಡದೆ ನನ್ನನ್ನು ನೋಡಿದಳು.

“ಶಕ್ಕು ಅಲ್ಲೇನು?”

“ಹೌದು ಕಾಶಿ.”

“ಕುಂದರು,” ಎಂದಳು. ಬಿಸಿಲಿತ್ತು. ನೆರಳಿಗೆ ಬಾ ಅನ್ನಲಿಲ್ಲ.

ಫೋನಿನಲ್ಲಿದ್ದ ಫೋಟೋ ತೋರಿಸಿ, ಬಂದ ಕಾರಣ ಹೇಳಿದೆ. ಫೋನನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು.

“ಬೀರ್ ಅಂದ್ರ ಶೆರೆ ಅಲ್ಲೇನು?”

“ಹೌದು.”

“ಸೋಡಾಕ್ಕ ಹಚ್ಚಿದಾಗ ಕೇಳಲಿಲ್ಲ. ಶೆರೆಗೆ ಹಚ್ಚಾಕ ಕೇಳಾಕ ಬಂದಿ.”

ಫೋನನ್ನು ನನ್ನ ಕೈಗೆ ಕೊಟ್ಟು ಮತ್ತೆ ಮೊರ ಹಿಡಿದಳು.

“ಚಿತ್ರ ತಗದಿದ್ದಕ್ಕ ನನಗ ಸಿಟ್ಟು ಬಂದಿರಲಿಲ್ಲ ಶಕ್ಕು. ಖರೇ ಹೇಳ್ತೇನಿ, ಮೊದಲ ದಿನ ಬಾಟ್ಲಿಗೆ ಹಚ್ಚುವಾಗ ಖುಷಿನ ಆಗಿತ್ತು. ಆದ್ರ ಮನ್ಯಾಗ ಎಲ್ಲಾರೂ ನನ್ನ ನಡುವ ನಿಲ್ಲಿಸಿ ಕೇಳುವಾಗ ನಾ ಬಾಗಿಲ ಕಡೆನ ನೋಡಾಕತ್ತಿದ್ದೆ. ನೀ ಬರ್ತೀ ಅಂತ. ಎಂಟು ದಿನ ನೋಡಿದೆ.”

ಗಂಡ ಹಬ್ಬಕ್ಕೊಮ್ಮೆ ಬಂದು ಹೋಗುತ್ತಿದ್ದ, ಆರು ವರ್ಷದ ಹಿಂದೆ ತೀರಿಕೊಂಡ ಎಂದು ಆಮೇಲೆ ಹೇಳಿದಳು. ಮಕ್ಕಳಿರಲಿಲ್ಲ. ಮತ್ತೆ ಯಾವ ಕೆಲಸಕ್ಕೂ ಅವಳನ್ನು ಕಳಿಸಿರಲಿಲ್ಲ.

“ನಿಮ್ಮ ಭಾವ ಅದಾರೇನು?” ಎಂದು ಕೇಳಿದೆ.

ಪಡಸಾಲೆಯ ಕಡೆ ಗೋಣು ತಿರುಗಿಸಿದಳು. ಅಲ್ಲಿ ಎಂಬತ್ತರ ಹತ್ತಿರದ ಒಬ್ಬರು ಮಂಚದ ಮೇಲೆ ಕೂತಿದ್ದರು. ಎದ್ದು ಅವರ ಮುಂದೆ ಹೋಗಿ ನಿಂತೆ. ಕಿವಿ ಮಂದವಾಗಿದ್ದರಿಂದ ಜೋರಾಗಿ ಹೇಳಬೇಕಾಯಿತು. ನೆರೆಮನೆಯವರೂ ಹೊರಗೆ ಬಂದರು.

“ಆ ಸೋಡಾ ಬಾಟ್ಲಿ ಮ್ಯಾಲಿನ ಚಿತ್ರ ತಗದಾಕಿ ನಾನರಿ. ಕಾಶಿ ನನ್ನ ಮುಂದೂ ಕುಂತಿಲ್ಲ, ಯಾರ ಮುಂದೂ ಕುಂತಿಲ್ಲ. ಆಕಿಗೆ ಗೊತ್ತಿಲ್ಲದಂಗ ನೆನಪಿನ್ಯಾಗ ತಗದೆ. ತಪ್ಪು ನಂದು.”

ಅವರು ನನ್ನನ್ನೂ ಕಾಶಿಯನ್ನೂ ನೋಡಿದರು. “ಅದನ್ನ ಈಗ ಹೇಳಿ ಏನ್ ಮಾಡೋದೈತಿ ತಂಗಿ?” ಅಂದರು.

ಹಿಂದಿನಿಂದ ಕಾಶಿಯೇ ಹೇಳಿದಳು. “ನನಗ ಬೇಕಾಗಿತ್ತರಿ.”

ಆಮೇಲೆ ಒಳಗೆ ಕರೆದು ಚಹಾ ಕೊಟ್ಟಳು. ಚಿತ್ರದ ಮಾತು ತಾನಾಗಿಯೇ ಮುಗಿಸಿದಳು. “ಮುಖ ಬ್ಯಾಡ ಶಕ್ಕು. ಒಮ್ಮೆ ಊರೂರು ತಿರುಗಿ ಬಂದೈತಿ, ಸಾಕು.” ಬಸ್ ನಿಲ್ದಾಣದವರೆಗೂ ಬಂದಳು. ನಾನು ಹತ್ತುವಾಗ, “ಇನ್ನೊಮ್ಮೆ ಬಾ ಅಂತ ನಾ ಅನ್ನೂದಿಲ್ಲ. ಬಂದ್ರ ಚಾ ಮಾಡ್ತೇನಿ,” ಎಂದಳು.

ಅರವಿಂದರಿಗೆ ಮುಖ ಕೊಡಲಾಗುವುದಿಲ್ಲ ಎಂದೆ. ಮೂಗು, ಕಣ್ಣು ಬದಲಿಸಿ ನೋಡಿ ಅಂದರು. ಎರಡು ಸಲ ಬರೆದೆ. ಏನು ಬದಲಿಸಿದರೂ ನನ್ನ ಕೈಯಿಂದ ಕಾಶಿಯೇ ಬರುತ್ತಿದ್ದಳು. ಹರಿದು ಹಾಕಿ, ಮುಳ್ಳು ಸಹಿತ ಒಂದು ಲಿಂಬಿ ಕೊಂಬೆ ಬರೆದು ಕಳಿಸಿದೆ. ಅವರಿಗೆ ಅರ್ಧ ಮನಸ್ಸು. ಆದರೂ ತೆಗೆದುಕೊಂಡರು. ಕೊನೆಗೆ ಬಂದ ಲೇಬಲಿನಲ್ಲಿ ನನ್ನ ಕೊಂಬೆ ಕೆಳಗಿತ್ತು. ಮೇಲೆ ಕಂಪ್ಯೂಟರಿನಲ್ಲಿ ಮಾಡಿದ ಒಂದು ಹೆಣ್ಣುಮುಖ. ಚಂದವಿತ್ತು. ಅದು ಯಾರ ಮುಖವೂ ಆಗಿರಲಿಲ್ಲ. ಅವರು ಕಳಿಸಿದ ಹಾಳೆಯನ್ನು ಒಂದು ಸಂಜೆ ಮೇಜಿನ ಮೇಲೆ ಹರಡಿಕೊಂಡು ಒಬ್ಬಳೇ ನೋಡಿದೆ. ತೋರಿಸಲು ಯಾರೂ ಇರಲಿಲ್ಲ.

ಹಿಪ್ಪರಗಿಗೆ ಮತ್ತೆ ಹೋಗಿಲ್ಲ. ಎರಡು ಸಲ ಹೊರಟು ವಿಜಯಪುರದಿಂದ ತಿರುಗಿ ಬಂದಿದ್ದೇನೆ.

ಕೈಯಿಂದ ಬರೆದ ಲೇಬಲಿಗೆ ಈಗ ಮತ್ತೆ ಬೇಡಿಕೆ ಬಂದಿದೆ ಅನ್ನುತ್ತಾರೆ. ಕಲಿಯಬೇಕೆಂದು ಒಂದಿಬ್ಬರು ಫೋನು ಮಾಡುತ್ತಾರೆ. ಕುಂಚ ಹಿಡಿಯುವುದನ್ನು ನಾನು ಹೇಳಿಕೊಡಬಲ್ಲೆ. ಅದಕ್ಕೂ ಮೊದಲು ಒಂದು ಮಾತು ಹೇಳುತ್ತೇನೆ. ಯಾರ ಮುಖ ಬರೆಯುತ್ತೀರೋ ಅವರನ್ನು ಕೇಳಿ. ಕೇಳದೆ ಬರೆದಿದ್ದರೆ, ಅವರ ಮನೆಯಲ್ಲಿ ಅದು ಜಗಳವಾದ ದಿನವೇ ಹೋಗಿ ‘ಬರೆದದ್ದು ನಾನು’ ಅನ್ನಿ. ನಾನು ಹೋಗಲು ಮೂವತ್ತೆಂಟು ವರ್ಷ ತೆಗೆದುಕೊಂಡೆ.