ಮಣ್ಣಿನ ಜಾಹೀರಾತು

ಆಸ್ಮಾ ನನ್ನ ಜೊತೆ ಕೆಲಸ ಮಾಡಿದ್ದು ಹದಿನಾಲ್ಕೇ ತಿಂಗಳು. ೨೦೦೭ರಲ್ಲಿ ತುಮಕೂರಿನ ಮಂಡಿಪೇಟೆಯ ಒಂದು ಮಹಡಿಯಲ್ಲಿ ಉದಯಕುಮಾರ್ ಚಾಟಿಂಗ್ ಸೈಟ್ ನಡೆಸುತ್ತಿದ್ದ. ಜನ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹರಟುತ್ತಾ ‘ಮದುವೆ’ ಎಂದು ಟೈಪ್ ಮಾಡಿದರೆ ಕೆಳಗೆ ಸೀರೆ ಅಂಗಡಿಯ ಜಾಹೀರಾತು ಬರಬೇಕು, ‘ಜ್ವರ’ ಎಂದರೆ ಮೆಡಿಕಲ್ ಸ್ಟೋರಿನದು. ಅದನ್ನು ಯಾರಾದರೂ ಒತ್ತಿದರೆ ಅಂಗಡಿಯವರು ನಮಗೆ ದುಡ್ಡು ಕೊಡುತ್ತಿದ್ದರು. ಜಾಹೀರಾತು ಬರೆಯುವವಳು ನಾನು, ಯಾವ ಪದಕ್ಕೆ ಯಾವ ಅಂಗಡಿ ಎಂದು ಗಂಟು ಹಾಕುವವಳು ಆಸ್ಮಾ. ಟೀ ತಟ್ಟೆಗೆ ಸುರಿದು ಸೊರ್ ಎಂದು ಕುಡಿಯುತ್ತಾ ದಿನಕ್ಕೆ ನೂರು ಪದ ಮುಗಿಸುತ್ತಿದ್ದಳು.

ಮನೆ ಕಟ್ಟುವ ಸೈಟುಗಳಿಗೆ ಟ್ರ್ಯಾಕ್ಟರಿನಲ್ಲಿ ಮಣ್ಣು ಹೊಡೆಸುವ ದ್ಯಾವಪ್ಪನ ನಂಬರನ್ನು ಅವಳು ‘ಮಣ್ಣು’ ಪದಕ್ಕೆ ಹಾಕಿದಳು. ನಮ್ಮ ಕಡೆ ಹೆಣ ಹೂಳುವುದಕ್ಕೂ ಮಣ್ಣು ಎಂದೇ ಹೇಳುವುದು. ಅವಳ ಮನೆಯ ಉರ್ದುವಿನಲ್ಲೂ ಮಿಟ್ಟಿ ಎಂದರೆ ಅದೇ. ಆದರೂ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಯಾರೋ ‘ತಾತಂದು ಮಣ್ಣು ನಾಳೆ’ ಎಂದು ಚಾಟಿನಲ್ಲಿ ತಿಳಿಸಿದರೆ ಕೆಳಗೆ ದ್ಯಾವಪ್ಪನ ನಂಬರು. ಅದು ಸಾವಿನ ಮನೆಯ ನಂಬರೆಂದುಕೊಂಡು ಜನ ಫೋನ್ ಮಾಡಿ, “ಮಣ್ಣು ಎಷ್ಟೊತ್ತಿಗೆ?” ಎನ್ನುವರು. ಅವನು, “ಎಷ್ಟ್ ಲೋಡ್ ಬೇಕು?” ಎನ್ನುವನು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ಪದ ತೆಗೆಯೋಣವೇ ಎಂದು ಆಸ್ಮಾ ಕೇಳಿದಳು. “ಸುಮ್ನಿರಮ್ಮ, ಅದರಷ್ಟು ಇನ್ಯಾವ ಪದಾನೂ ದುಡೀತಿಲ್ಲ,” ಎಂದ ಉದಯಕುಮಾರ್.

ಒಂದು ಸೋಮವಾರ ದ್ಯಾವಪ್ಪ ಮೆಟ್ಟಿಲು ಹತ್ತಿ ಬಂದ. “ಬೆಳ್ಳಾವಿ ಗುರುಸಿದ್ದಯ್ಯಂದು ಮಣ್ಣು ಎಷ್ಟೊತ್ತಿಗೆ ಅಂತ ಯಾರೋ ಫೋನ್ ಮಾಡಿ ಕೇಳ್ದ ಕಣವ್ವ. ನಮ್ ಗಿರಾಕಿ ಅವ್ರು, ಅವತ್ತು ಗಟ್ಟಿಯಾಗೇ ಇದ್ರು. ಮೂರೇ ದಿನಕ್ಕೆ ಹೋಗ್ಬುಟ್ರು.”

ಆಸ್ಮಾ ಕಂಪ್ಯೂಟರಿನಲ್ಲಿ ಹುಡುಕಿದಳು. ಫೋನ್ ಬಂದ ದಿನ ಚಾಟಿನಲ್ಲಿ ಒಬ್ಬರೂ ಆ ಪದ ಬರೆದಿರಲಿಲ್ಲ. ಜಾಹೀರಾತು ಒಂದು ಸಲವೂ ಕಾಣಿಸಿಕೊಂಡಿರಲಿಲ್ಲ.

ಮುಂದಿನ ವಾರ ಅವನು ಮತ್ತೆ ಬಂದ. ಒಳಗೆ ಬರದೆ ಬಾಗಿಲಲ್ಲೇ ನಿಂತು ಆಸ್ಮಾಳನ್ನು ನೋಡಿದ.

“ಅದೇ ದನಿ ಕಣವ್ವ, ಈಗ್ತಾನೆ ಫೋನ್ ಬಂತು. ಹಜರಾ ಬೀ ಅಂದ... ನಿಮ್ಮಮ್ಮ ಅಲ್ವಾ?”

ಆಸ್ಮಾ ಯಾರನ್ನೂ ಕೇಳದೆ ಆ ಪದ ಅಳಿಸಿದಳು. ಬುರ್ಖಾ ಎಳೆದುಕೊಂಡು ಮನೆಗೆ ಓಡಿದಳು. ಉದಯಕುಮಾರ್ ಕೂಗಾಡಿದ, ನಾನೂ ಬಿಡದೆ ಅವನ ಮೇಲೆ ಕೂಗಾಡಿದೆ.

ಹಜರಾ ಬೀ ಮನೆಯಲ್ಲಿ ಆರಾಮಾಗಿ ಅಕ್ಕಿ ಆರಿಸುತ್ತಿದ್ದರಂತೆ. ಆಸ್ಮಾ ಮೂರು ದಿನ ತಾಯಿಯನ್ನು ಬಿಟ್ಟು ಕದಲಲಿಲ್ಲ. ಬಲವಂತವಾಗಿ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿದಳು. ಡಾಕ್ಟರು ಏನೂ ತೊಂದರೆಯಿಲ್ಲ ಎಂದರು. ಮೂರನೆಯ ದಿನ ಮಧ್ಯಾಹ್ನ ನಾನು ಹೋದಾಗ ಆಸ್ಮಾ ತನ್ನ ಎಡ ಭುಜ ಒತ್ತಿಕೊಳ್ಳುತ್ತಿದ್ದಳು.

“ಏನಾಯ್ತೇ?” ಎಂದೆ.

“ಅಮ್ಮೀನ ಹಿಡ್ಕೊಂಡು ಓಡಾಡಿ ಸಾಕಾಗಿದೆ ಕಣೇ ಕಾವ್ಯ. ಇವತ್ತೊಂದಿನ ಕಳೆದ್ರೆ ಗೆದ್ದಂಗೆ,” ಎಂದು ನಕ್ಕಳು.

ಬೆಳಿಗ್ಗೆ ಹಜರಾ ಬೀ ಎಚ್ಚರಗೊಂಡಾಗ, ತಮ್ಮ ಕೈ ಹಿಡಿದು ಮಲಗಿದ್ದ ಮಗಳ ಕೈ ತಣ್ಣಗಾಗಿತ್ತು.

ಆಸ್ಮಾಳ ಜನಾಜಾ ಹೆಗಲೇರಿ ಹೊರಟ ಮೇಲೆ ದ್ಯಾವಪ್ಪ ಗಲ್ಲಿಯ ಮೂಲೆಯಲ್ಲಿ ನನ್ನನ್ನು ತಡೆದ.

“ಅವತ್ತು ನಾನು ಅರ್ಧ ಮಾತು ನುಂಗ್ಬುಟ್ಟೆ ಕಣವ್ವ. ಅವ್ನು ಕೇಳಿದ್ದು, ಹಜರಾ ಬೀ ಮಗಳ್ದು ಮಣ್ಣು ಎಷ್ಟೊತ್ತಿಗೆ ಅಂತ. ಎದ್ರುಗೇ ಕೂತಿದ್ಲಲ್ಲ, ಹೆಂಗ್ ಹೇಳ್ಲಿ?”